ಮಾರ್ಪಡಿಸಿದ ಕಾರುಗಳಲ್ಲಿ ಇಂಧನ ಒತ್ತಡ ನಿಯಂತ್ರಕ: ದೋಷಪತ್ತೆ ಮತ್ತು ಬದಲಾವಣೆ

ಇಂಧನ ಒತ್ತಡ ನಿಯಂತ್ರಕ: ಪೆಟ್ರೋಲ್ ಎಂಜಿನ್ನಿನ ಇನ್‌ಜೆಕ್ಟರುಗಳಿಗೆ ಸಿಗುವ ಇಂಧನದ ಒತ್ತಡವನ್ನು ಹದದಲ್ಲಿಡುವ ಯಾಂತ್ರಿಕ ಕವಾಟ. ಗ್ಯಾರೇಜುಗಳಲ್ಲಿ ಇದಕ್ಕೆ ಫ್ಯೂಯಲ್ ಪ್ರೆಶರ್ ರೆಗ್ಯುಲೇಟರ್ ಎನ್ನುತ್ತಾರೆ. ಈ ಲೇಖನದಲ್ಲಿ ರೆಗ್ಯುಲೇಟರ್ ಎಂದಷ್ಟೇ ಬಳಸಿದೆ. ಕಂಪನಿಯಿಂದ ಬಂದ ಹಾಗೆಯೇ ಇರುವ ಕಾರಿನಲ್ಲಿ ಇದು ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ದುಡಿಯುತ್ತದೆ. ಅದೇ ಕಾರಿಗೆ ಟರ್ಬೊ ಕೂರಿಸಿ, ದೊಡ್ಡ ಪಂಪು, ದೊಡ್ಡ ಇನ್‌ಜೆಕ್ಟರು ಹಾಕಿದರೆ ಲೆಕ್ಕ ಬೇರೆಯಾಗುತ್ತದೆ. ಮಾರ್ಪಡಿಸಿದ ಕಾರಿನಲ್ಲಿ ರೆಗ್ಯುಲೇಟರ್ ಕೆಟ್ಟಿದೆ ಎಂದು ತೋರುವ ಎಷ್ಟೋ ಸಂದರ್ಭಗಳಲ್ಲಿ ಅದು ಕೆಟ್ಟಿರುವುದಿಲ್ಲ, ತಾಳಲಾರದಷ್ಟು ಕೆಲಸ ಅದರ ಮೇಲೆ ಬಿದ್ದಿರುತ್ತದೆ. ಹೊಸದನ್ನು ಕೂರಿಸುವುದು ಒಂದು ಗಂಟೆಯ ಕೆಲಸ. ಕೂರಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದೇ ಕಷ್ಟದ್ದು.

ರಚನೆ ಮತ್ತು ಕಾರ್ಯ

ಹೆಬ್ಬೆರಳಿಗಿಂತ ಸ್ವಲ್ಪ ದಪ್ಪಗಿನ ಲೋಹದ ಡಬ್ಬಿ. ಅದರ ನಡುವೆ ಬಟ್ಟೆಗೆ ರಬ್ಬರು ಹತ್ತಿಸಿ ಮಾಡಿದ ಒಂದು ಪೊರೆ, ಅಂದರೆ ಡಯಾಫ್ರಮ್. ಪೊರೆಯ ಕೆಳಗೆ ಪೆಟ್ರೋಲ್, ಮೇಲೆ ಸ್ಪ್ರಿಂಗ್. ಪಂಪು ಎಂಜಿನ್ನಿಗೆ ಬೇಕಾದದ್ದಕ್ಕಿಂತ ಯಾವಾಗಲೂ ಹೆಚ್ಚು ಪೆಟ್ರೋಲನ್ನೇ ಕಳಿಸುತ್ತದೆ. ಒತ್ತಡ ಸ್ಪ್ರಿಂಗಿನ ಬಲ ಮೀರಿದ ಕೂಡಲೇ ಪೊರೆ ಮೇಲೇಳುತ್ತದೆ, ಅದರ ಜೊತೆಗಿನ ಕವಾಟ ತೆರೆದು ಹೆಚ್ಚಾದದ್ದು ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೆ ವಾಪಸಾಗುತ್ತದೆ. ಸ್ಪ್ರಿಂಗ್ ಇರುವ ಮೇಲಿನ ಕೋಣೆಯಿಂದ ಒಂದು ಸಣ್ಣ ರಬ್ಬರ್ ಹೋಸು ಇನ್‌ಟೇಕ್ ಮ್ಯಾನಿಫೋಲ್ಡಿಗೆ ಹೋಗಿರುತ್ತದೆ. ಇಡೀ ವಿಷಯದ ಗುಟ್ಟು ಈ ಹೋಸಿನಲ್ಲಿದೆ.

ಇನ್‌ಜೆಕ್ಟರಿನ ಒಂದು ತುದಿ ಅದಕ್ಕೆ ಪೆಟ್ರೋಲ್ ತರುವ ಕೊಳವೆಯಲ್ಲಿ, ಅಂದರೆ ಫ್ಯೂಯಲ್ ರೈಲಿನಲ್ಲಿ, ಇನ್ನೊಂದು ತುದಿ ಮ್ಯಾನಿಫೋಲ್ಡಿನಲ್ಲಿ. ಆದ್ದರಿಂದ ಎಷ್ಟು ಪೆಟ್ರೋಲ್ ಸಿಂಪಡಣೆಯಾಗುತ್ತದೆ ಎಂಬುದನ್ನು ರೈಲಿನ ಒತ್ತಡವೊಂದೇ ನಿರ್ಧರಿಸುವುದಿಲ್ಲ. ಎರಡೂ ತುದಿಗಳ ಒತ್ತಡದ ಅಂತರ ನಿರ್ಧರಿಸುತ್ತದೆ. ಐಡ್ಲಿಂಗಿನಲ್ಲಿ ಮ್ಯಾನಿಫೋಲ್ಡಿನ ಒತ್ತಡ ಹೊರಗಿನ ಗಾಳಿಗಿಂತ ಸುಮಾರು 0.6 ಬಾರ್ ಕಡಿಮೆ. 3 ಬಾರಿನ ರೆಗ್ಯುಲೇಟರ್ ಇದ್ದರೆ ಆಗ ಗೇಜು 2.4 ತೋರಿಸಬೇಕು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ 3, ಟರ್ಬೊ 1 ಬಾರ್ ಬೂಸ್ಟ್ ಕೊಡುವಾಗ 4. ಗೇಜಿನ ಅಂಕಿ ಬದಲಾಗುತ್ತಲೇ ಇದ್ದರೂ ಅಂತರ ಮಾತ್ರ ಸದಾ 3. ಅಳತೆಗಳ ಬಗ್ಗೆ ಒಂದು ಮಾತು: 1 ಬಾರ್ ಎಂದರೆ 100 ಕಿಲೋಪ್ಯಾಸ್ಕಲ್, ಸುಮಾರು 14.5 ಪಿಎಸ್‌ಐ. ನಮ್ಮ ಮೆಕ್ಯಾನಿಕ್‌ಗಳು ‘ಮೂರು ಕೆಜಿ ಪ್ರೆಶರ್’ ಎಂದಾಗ ಹೇಳುವುದು ಚದರ ಸೆಂಟಿಮೀಟರಿಗೆ ಮೂರು ಕಿಲೊ ಎಂದು. ಅದೂ ಹೆಚ್ಚುಕಡಿಮೆ 3 ಬಾರೇ.

ಇನ್‌ಜೆಕ್ಟರಿನಿಂದ ಹೊರಡುವ ಪೆಟ್ರೋಲು ಒತ್ತಡದ ಅಂತರದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ಒತ್ತಡವನ್ನು 3ರಿಂದ 4 ಬಾರಿಗೆ ಏರಿಸಿದರೆ ಸಿಗುವ ಹೆಚ್ಚಳ ಶೇ. 15ರಷ್ಟು ಮಾತ್ರ. ಎರಡರಷ್ಟು ಪೆಟ್ರೋಲ್ ಬೇಕಾದರೆ ನಾಲ್ಕರಷ್ಟು ಒತ್ತಡ ಬೇಕು. ಒತ್ತಡ ಏರಿಸಿ ಶಕ್ತಿ ಪಡೆಯುವ ದಾರಿ ಬೇಗನೆ ಮುಗಿದುಹೋಗುವುದಕ್ಕೆ ಇದೇ ಕಾರಣ.

ಬೆಳವಣಿಗೆ

ಕಾರ್ಬುರೇಟರ್ ಕಾಲದಲ್ಲಿ ಪಂಪಿನ ಒತ್ತಡ 0.2ರಿಂದ 0.4 ಬಾರ್ ಇದ್ದರೆ ಸಾಕಿತ್ತು. ಫ್ಲೋಟು ಮತ್ತು ಸೂಜಿ ಕವಾಟ ಉಳಿದದ್ದನ್ನು ನೋಡಿಕೊಳ್ಳುತ್ತಿದ್ದವು. 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನೊಂದಿಗೆ ಬಂದ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ವ್ಯವಸ್ಥೆಯಲ್ಲಿ ಒತ್ತಡ ಸುಮಾರು 2 ಬಾರ್. ಸ್ಕ್ರೂ ತಿರುಗಿಸಿ ಹೊಂದಿಸುವ ರೆಗ್ಯುಲೇಟರ್ ಅದರಲ್ಲಿತ್ತು, ಮ್ಯಾನಿಫೋಲ್ಡಿನ ಹೋಸು ಇರಲಿಲ್ಲ. 1970ರ ದಶಕದ ಎಲ್-ಜೆಟ್ರಾನಿಕ್ ಆ ಹೋಸನ್ನು ತಂದಿತು. ಅಲ್ಲಿಂದ ಮುಂದೆ ಎರಡು ಮೂರು ದಶಕ ರೈಲಿನ ತುದಿಯಲ್ಲಿ ರೆಗ್ಯುಲೇಟರ್, ಅಲ್ಲಿಂದ ಟ್ಯಾಂಕಿಗೆ ರಿಟರ್ನ್ ಪೈಪು ಎಂಬುದೇ ವಾಡಿಕೆಯ ಜೋಡಣೆಯಾಯಿತು. ಆದರೆ ಬಿಸಿ ಎಂಜಿನ್ನನ್ನು ಸುತ್ತಿ ವಾಪಸಾಗುವ ಪೆಟ್ರೋಲು ಟ್ಯಾಂಕನ್ನು ಬಿಸಿ ಮಾಡಿ ಆವಿ ಹೆಚ್ಚಿಸುತ್ತದೆ. ಆವಿ ಹೊರಸೂಸುವಿಕೆಯ ನಿಯಮಗಳು ಬಿಗಿಯಾದಂತೆ ತಯಾರಕರು ರಿಟರ್ನ್ ಪೈಪನ್ನೇ ಕೈಬಿಟ್ಟು, ರೆಗ್ಯುಲೇಟರನ್ನು ಟ್ಯಾಂಕಿನೊಳಗಿನ ಪಂಪ್ ಅಸೆಂಬ್ಲಿಗೆ ಸೇರಿಸಿದರು. ಇಂದು ರಸ್ತೆಯಲ್ಲಿರುವ ಸಾಮಾನ್ಯ ಪೆಟ್ರೋಲ್ ಕಾರುಗಳ ಬಾನೆಟ್ ಎತ್ತಿ ರೆಗ್ಯುಲೇಟರ್ ಹುಡುಕಿದರೆ ಸಿಗದಿರುವುದು ಇದರಿಂದಲೇ.

ಮಾರ್ಪಾಡು ಮಾಡಿದಾಗ ಏನಾಗುತ್ತದೆ

ಅಮೆರಿಕದ ಇಲಿನಾಯ್ ರಾಜ್ಯದ ನಾರ್ಮಲ್ ಪಟ್ಟಣದಲ್ಲಿ ತಯಾರಾದ ಮೊದಲ ತಲೆಮಾರಿನ ಮಿತ್ಸುಬಿಷಿ ಎಕ್ಲಿಪ್ಸ್ ಟರ್ಬೊ ಇದಕ್ಕೆ ಒಳ್ಳೆಯ ಉದಾಹರಣೆ. ಅದರ 4ಜಿ63 ಎಂಜಿನ್ನಿಗೆ ಹೋಸು ಕಳಚಿದಾಗ ಇರಬೇಕಾದ ಒತ್ತಡ ಸುಮಾರು 37 ಪಿಎಸ್‌ಐ. ಶಕ್ತಿ ಹೆಚ್ಚಿಸುವವರು ಮೊದಲು ಹಾಕುತ್ತಿದ್ದದ್ದು ಗಂಟೆಗೆ 255 ಲೀಟರ್ ತಳ್ಳುವ ವಾಲ್‌ಬ್ರೋ ಪಂಪು. ಐಡ್ಲಿಂಗಿನಲ್ಲಿ ಎಂಜಿನ್ ಕುಡಿಯುವುದು ಅದರಲ್ಲಿ ಅತ್ಯಲ್ಪ. ಉಳಿದದ್ದೆಲ್ಲ ಮೂಲ ರೆಗ್ಯುಲೇಟರಿನ ಕಿರಿದಾದ ರಂಧ್ರದ ಮೂಲಕವೇ ವಾಪಸು ಹೋಗಬೇಕು. ಕವಾಟ ಪೂರ್ತಿ ತೆರೆದರೂ ದಾರಿ ಸಾಲದೆ ಒತ್ತಡ ನಿಗದಿಗಿಂತ ಮೇಲೇರುತ್ತದೆ. ಇದಕ್ಕೆ ಟ್ಯೂನರುಗಳ ಮಾತಿನಲ್ಲಿ ಓವರ್‌ರನ್. ಐಡ್ಲಿಂಗಿನಲ್ಲಿ ಎಂಜಿನ್ ಪೆಟ್ರೋಲ್ ವಾಸನೆ ಹೊಡೆಯುತ್ತದೆ, ಪ್ಲಗ್ಗು ಕಪ್ಪಾಗುತ್ತದೆ, ಆದರೆ ಜೋರಾಗಿ ಓಡಿಸಿದಾಗ ಎಲ್ಲ ಸರಿ. ಮೂಲ ರೆಗ್ಯುಲೇಟರನ್ನು ತೆಗೆದು ಅಂಥದ್ದೇ ಹೊಸದನ್ನು ಹಾಕಿದರೆ ದುಡ್ಡು ದಂಡ. ಅಲ್ಲಿ ಬೇಕಿರುವುದು ಹೆಚ್ಚು ಹರಿವು ತಾಳುವ ರೆಗ್ಯುಲೇಟರು, ಕೆಲವೊಮ್ಮೆ ದಪ್ಪ ರಿಟರ್ನ್ ಪೈಪು.

ಇನ್ನೊಂದು ಬಗೆ, ಬೇಕೆಂದೇ ಒತ್ತಡ ಏರಿಸುವುದು. ಫೋಕ್ಸ್‌ವ್ಯಾಗನ್ ಬಳಗದ 1.8 ಲೀಟರ್ ಟರ್ಬೊ ಎಂಜಿನ್ನುಗಳಲ್ಲಿ, ಭಾರತದಲ್ಲಿ ಮಾರಾಟವಾದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇದೇ ಕುಲದ್ದು, 3 ಬಾರಿನ ಬಾಷ್ ರೆಗ್ಯುಲೇಟರ್ ತೆಗೆದು ನೋಡಲು ಅದೇ ಥರದ 4 ಬಾರಿನದನ್ನು ಹಾಕುವುದು ಹಳೆಯ ಪರಿಪಾಠ. ಎಂಜಿನ್ನಿನ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಈ ವಿಷಯ ತಿಳಿಸದಿದ್ದರೆ ಅದು 3 ಬಾರಿನ ಲೆಕ್ಕದಲ್ಲೇ ಇನ್‌ಜೆಕ್ಟರ್ ತೆರೆಯುತ್ತದೆ. ನಿಧಾನವಾಗಿ ಓಡಿಸುವಾಗ ಆಕ್ಸಿಜನ್ ಸೆನ್ಸರು ತಪ್ಪನ್ನು ತಿದ್ದಿ ಮುಚ್ಚಿಹಾಕುತ್ತದೆ. ಪೂರ್ತಿ ಆಕ್ಸಿಲರೇಟರಿನಲ್ಲಿ ತಿದ್ದುವವರಿಲ್ಲದೆ ಶೇ. 15 ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವನಿಗೆ ಹಿಂದಿನ ಮಾಲೀಕ ಹಾಕಿದ 4 ಬಾರಿನದು ಒಳಗಿದೆ ಎಂಬುದೇ ಗೊತ್ತಿರುವುದಿಲ್ಲ.

ಹಳೆಯ ಕಾರಿಗೆ ಷೆವ್ರೊಲೆಯ ಎಲ್‌ಎಸ್ ವಿ8 ಎಂಜಿನ್ ಕೂರಿಸುವವರು 1999ರಿಂದ 2003ರವರೆಗಿನ ಕಾರ್ವೆಟ್ ಕಾರಿನ ಫಿಲ್ಟರನ್ನು ಬಳಸುವುದುಂಟು. ಫಿಲ್ಟರಿನೊಳಗೇ 58 ಪಿಎಸ್‌ಐ, ಅಂದರೆ 4 ಬಾರಿನ ರೆಗ್ಯುಲೇಟರ್ ಅಡಗಿದೆ. ಸರಳ, ಅಗ್ಗ, ನಂಬಬಹುದಾದದ್ದು. ಆದರೆ ಅದಕ್ಕೆ ಮ್ಯಾನಿಫೋಲ್ಡ್ ಹೋಸಿಲ್ಲ. ಐಡ್ಲಿಂಗಿನಲ್ಲಿ ಅಂತರ 4.6 ಬಾರ್, 1 ಬಾರ್ ಬೂಸ್ಟಿನಲ್ಲಿ ಬರೀ 3. ಟರ್ಬೊ ಹಾಕುವವರಿಗೆ ಇದು ಹೇಳಿಸಿದ್ದಲ್ಲ.

ಇಸಿಯು ಮರುಬರಹ ಸುಲಭವಾಗಿರದ ದಿನಗಳಲ್ಲಿ ಟರ್ಬೊ, ಸೂಪರ್‌ಚಾರ್ಜರ್ ಕಿಟ್ಟುಗಳ ಜೊತೆ ಏರುಗತಿಯ ರೆಗ್ಯುಲೇಟರ್ ಬರುತ್ತಿತ್ತು. ಬೂಸ್ಟ್ ಒಂದು ಪಾಲು ಏರಿದರೆ ಇದು ಇಂಧನದ ಒತ್ತಡವನ್ನು ನಾಲ್ಕು, ಎಂಟು, ಹನ್ನೆರಡು ಪಾಲು ಏರಿಸುತ್ತದೆ. ಒಂದಕ್ಕೆ ಎಂಟರ ದರದಲ್ಲಿ 0.4 ಬಾರ್ ಬೂಸ್ಟಿಗೇ ರೈಲಿನ ಒತ್ತಡ 6 ಬಾರ್ ದಾಟುತ್ತದೆ. ಅಷ್ಟು ಒತ್ತಡದಲ್ಲಿ ಪಂಪಿನ ಹರಿವು ಕುಸಿಯುತ್ತದೆ, ಬೇಕಾದ ಕಡೆಯೇ ಪೆಟ್ರೋಲ್ ಸಿಗುವುದಿಲ್ಲ. ಇಸಿಯು ಟ್ಯೂನಿಂಗ್ ಕೈಗೆಟುಕುವ ಈ ಕಾಲದಲ್ಲಿ ಇಂಥದ್ದನ್ನು ಉಳಿಸಿಕೊಳ್ಳಲು ಒಳ್ಳೆಯ ಕಾರಣವಿಲ್ಲ.

ರೋಗಲಕ್ಷಣಗಳು

ಪೊರೆ ಹರಿದರೆ ಪೆಟ್ರೋಲ್ ಮೇಲಿನ ಕೋಣೆಗೆ ಬಂದು, ಹೋಸಿನ ಮೂಲಕ ನೇರವಾಗಿ ಮ್ಯಾನಿಫೋಲ್ಡಿಗೆ ಇಳಿಯುತ್ತದೆ. ಕರಿ ಹೊಗೆ, ಮೈಲೇಜ್ ಕುಸಿತ, ಬಿಸಿ ಇರುವಾಗ ಸ್ಟಾರ್ಟ್ ಆಗಲು ತಕರಾರು. ಎಂಜಿನ್ ಆಯಿಲ್ಲಿನ ಡಿಪ್‌ಸ್ಟಿಕ್ ಎಳೆದು ಮೂಸಿದರೆ ಪೆಟ್ರೋಲ್ ವಾಸನೆ ಬರಬಹುದು; ಹಾಗಿದ್ದರೆ ಆಯಿಲ್ ಬದಲಾಯಿಸದೆ ಕಾರು ಓಡಿಸಬಾರದು. ಹೋಸು ಮ್ಯಾನಿಫೋಲ್ಡಿನಲ್ಲಿ ಯಾವ ಸಿಲಿಂಡರಿಗೆ ಹತ್ತಿರ ಸೇರುತ್ತದೋ ಆ ಸಿಲಿಂಡರಿನ ಪ್ಲಗ್ಗು ಉಳಿದವುಗಳಿಗಿಂತ ಹೆಚ್ಚು ಕಪ್ಪಾಗಿರುತ್ತದೆ. ನಾಲ್ಕೂ ಪ್ಲಗ್ಗು ಬಿಚ್ಚಿ ಸಾಲಾಗಿ ಬಟ್ಟೆಯ ಮೇಲಿಟ್ಟು ನೋಡುವ ಮೆಕ್ಯಾನಿಕ್ಕಿಗೆ ಸ್ಕ್ಯಾನರ್ ಹೇಳದ ಈ ಸಂಗತಿ ಕಾಣುತ್ತದೆ.

ಸ್ಪ್ರಿಂಗ್ ಬಲ ಕುಂದಿದರೆ ಅಥವಾ ಕವಾಟದ ಸೀಟಿನಲ್ಲಿ ಕಸ ಸಿಕ್ಕಿಕೊಂಡರೆ ಒತ್ತಡ ಕಡಿಮೆಯಾಗುತ್ತದೆ. ಪಿಕಪ್ ಇರುವುದಿಲ್ಲ, ಆಕ್ಸಿಲರೇಟರ್ ಒತ್ತಿದಾಗ ಮಿಸ್ಸಿಂಗ್ ಬರುತ್ತದೆ. ಸಾಮಾನ್ಯ ಕಾರಿನಲ್ಲಿ ಇದು ಕಿರಿಕಿರಿ, ಟರ್ಬೊ ಕಾರಿನಲ್ಲಿ ಅಪಾಯ: ಬೂಸ್ಟಿನಲ್ಲಿ ಪೆಟ್ರೋಲ್ ಸಾಲದೆ ಹೋದರೆ ಸಿಡಿತ ಶುರುವಾಗಿ ಪಿಸ್ಟನ್ ಒಡೆಯಬಹುದು. ಕವಾಟ ಸರಿಯಾಗಿ ಮುಚ್ಚದಿದ್ದರೆ ಎಂಜಿನ್ ಆಫ್ ಮಾಡಿದ ಮೇಲೆ ರೈಲಿನ ಒತ್ತಡ ಸೋರಿಹೋಗಿ, ಮರುದಿನ ಬೆಳಿಗ್ಗೆ ಸೆಲ್ಫ್ ಉದ್ದಕ್ಕೆ ಹೊಡೆಯಬೇಕಾಗುತ್ತದೆ.

ಒಂದು ದೋಷ ಮಾತ್ರ ಹೆಚ್ಚು ಗಮನಕ್ಕೆ ಅರ್ಹ, ಏಕೆಂದರೆ ಅದು ರೆಗ್ಯುಲೇಟರಿನದೇ ಅಲ್ಲ. ಬೂಸ್ಟಿನ ಹೊಡೆತಕ್ಕೆ ಮ್ಯಾನಿಫೋಲ್ಡ್ ಹೋಸು ಕಿತ್ತುಬಂತು ಎಂದಿಟ್ಟುಕೊಳ್ಳಿ. 1 ಬಾರ್ ಬೂಸ್ಟಿದ್ದರೂ ರೈಲಿನ ಒತ್ತಡ 3ರಲ್ಲೇ ನಿಲ್ಲುತ್ತದೆ, ಅಂತರ 2ಕ್ಕೆ ಇಳಿಯುತ್ತದೆ, ಪೆಟ್ರೋಲ್ ಶೇ. 18 ಕಡಿಮೆಯಾಗುತ್ತದೆ. ಗಾಳಿ-ಇಂಧನ ಅನುಪಾತ 11.8 ಇರಬೇಕಾದ ಕಡೆ 14.4ರ ಆಸುಪಾಸು. ಐಡ್ಲಿಂಗಿನಲ್ಲಿ ಗೇಜು ಹಾಕಿ ನೋಡಿದವನಿಗೆ ಒತ್ತಡ ‘ಸರಿಯಾಗಿ 3’ ಎಂದೇ ಕಾಣುತ್ತದೆ. ಐಡ್ಲಿಂಗಿನಲ್ಲಿ 3 ಇರುವುದೇ ತಪ್ಪು ಎಂಬುದು ಅವನಿಗೆ ಹೊಳೆಯಬೇಕು, ಅಷ್ಟೆ.

ಪರೀಕ್ಷೆಯ ಕ್ರಮ

ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಎಂಜಿನ್ ಸ್ವಲ್ಪ ಹೊತ್ತು ಓಡಿದ ಮೇಲೆ ರೆಗ್ಯುಲೇಟರಿನ ಮೇಲಿನ ಹೋಸು ಎಳೆದು ತುದಿ ನೋಡಬೇಕು. ಒಳಗೆ ಪೆಟ್ರೋಲಿನ ಪಸೆ ಇದ್ದರೆ ಪೊರೆ ಹರಿದಿದೆ. ಮುಂದಿನ ಪರೀಕ್ಷೆ ಅನಗತ್ಯ. ಸೋರಿಕೆ ಸಣ್ಣದಿದ್ದರೆ ಪಾರದರ್ಶಕ ಹೋಸಿನ ತುಂಡೊಂದನ್ನು ತಾತ್ಕಾಲಿಕವಾಗಿ ಹಾಕಿ ಗಮನಿಸಬಹುದು.

ಆಮೇಲೆ ಗೇಜು. ರೈಲಿನಲ್ಲಿ ಟೈರಿನ ವಾಲ್ವಿನಂಥ ಷ್ರೇಡರ್ ವಾಲ್ವ್ ಇದ್ದರೆ ಅದಕ್ಕೇ ಜೋಡಿಸಬಹುದು, ಇಲ್ಲದಿದ್ದರೆ ಪೈಪಿನ ನಡುವೆ ಟಿ ಹಾಕಬೇಕು. ಇಗ್ನಿಷನ್ ಆನ್ ಮಾಡಿದಾಗ ಪಂಪು ಒಂದೆರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಆ ಒತ್ತಡ ಬರೆದುಕೊಳ್ಳಬೇಕು. ಎಂಜಿನ್ ಸ್ಟಾರ್ಟ್ ಮಾಡಿ ಹೋಸು ಇದ್ದಾಗ ಒಮ್ಮೆ, ಹೋಸು ಕಳಚಿ ಅದರ ಬಾಯಿ ಮುಚ್ಚಿ ಇನ್ನೊಮ್ಮೆ ಓದಬೇಕು. ಎರಡರ ನಡುವೆ ಅರ್ಧ ಬಾರಿಗೂ ಮಿಕ್ಕ ವ್ಯತ್ಯಾಸ ಕಾಣಬೇಕು. ಕಾಣದಿದ್ದರೆ ಹೋಸು ಬಿರುಕು ಬಿಟ್ಟಿದೆ, ಮುಚ್ಚಿಕೊಂಡಿದೆ, ಇಲ್ಲವೇ ತಪ್ಪು ಜಾಗಕ್ಕೆ ಸೇರಿದೆ. ಹಳೆಯ ಟೊಯೊಟಾ ಕಾರುಗಳಲ್ಲಿ ಈ ಹೋಸಿನ ನಡುವೆ ಒಂದು ವಿದ್ಯುತ್ ಕವಾಟ ಇರುವುದುಂಟು. ಬಿಸಿ ಎಂಜಿನ್ ಸ್ಟಾರ್ಟ್ ಮಾಡುವಾಗ ಅದು ನಿರ್ವಾತ ತಡೆದು ಒತ್ತಡ ಏರಿಸುತ್ತದೆ. ಮಾರ್ಪಾಡಿನ ಗದ್ದಲದಲ್ಲಿ ಅದರ ವೈರು ಕಿತ್ತುಹೋಗಿದೆಯೇ ನೋಡಬೇಕು.

ಟರ್ಬೊ ಕಾರಿನ ರೆಗ್ಯುಲೇಟರನ್ನು ನಿಲ್ಲಿಸಿದಲ್ಲೇ ಪರೀಕ್ಷಿಸುವ ಒಳ್ಳೆಯ ವಿಧಾನವೊಂದಿದೆ. ಪಂಪನ್ನು ಮಾತ್ರ ಓಡಿಸಿ, ಮೇಲಿನ ಹೋಸಿನ ಜಾಗಕ್ಕೆ ಕೈಪಂಪಿನಿಂದ ಗಾಳಿ ಕೊಡುವುದು. ಅರ್ಧ ಬಾರ್ ಗಾಳಿಗೆ ಒತ್ತಡ ಅರ್ಧ ಬಾರ್, 1 ಬಾರಿಗೆ 1 ಬಾರ್ ಏರಬೇಕು. ಅನುಪಾತ ತಪ್ಪಿದರೆ ಅಥವಾ ಕೊಟ್ಟ ಗಾಳಿ ನಿಲ್ಲದೆ ಸೋರಿದರೆ ದೋಷ ರೆಗ್ಯುಲೇಟರಿನದೇ.

ಒತ್ತಡ ಕಡಿಮೆ ಇದ್ದಾಗ ಪಂಪು ಸೋತಿದೆಯೋ ರೆಗ್ಯುಲೇಟರ್ ಸೋತಿದೆಯೋ ತಿಳಿಯಲು ರಿಟರ್ನ್ ಹೋಸನ್ನು ಒಂದೆರಡು ಸೆಕೆಂಡ್ ಹಿಚುಕಿ ಹಿಡಿಯುತ್ತಾರೆ. ಒತ್ತಡ ಜಿಗಿದು ಏರಿದರೆ ಪಂಪು ಗಟ್ಟಿಯಿದೆ. ಏರದಿದ್ದರೆ ಪಂಪು, ಫಿಲ್ಟರು, ವೈರಿಂಗ್ ಕಡೆ ನೋಡಬೇಕು. ಇದನ್ನು ರಬ್ಬರ್ ಹೋಸಿನಲ್ಲಿ ಮಾತ್ರ ಮಾಡಬೇಕು. ಪ್ಲಾಸ್ಟಿಕ್ ಪೈಪು, ಸ್ಟೀಲ್ ಜಾಲರಿಯ ಹೋಸು ಹಿಚುಕಿದರೆ ಮುರಿಯುತ್ತವೆ. ಹೆಚ್ಚು ಹೊತ್ತು ಹಿಡಿದರೆ ಒತ್ತಡ 6 ಬಾರ್ ದಾಟಿ ಎಲ್ಲಿಯಾದರೂ ಸಿಡಿಯಬಹುದು. ಆಫ್ ಮಾಡಿದ ಮೇಲೆ ಒತ್ತಡ ಇಳಿಯುವ ಕಾರಿಗೂ ಇದೇ ಉಪಾಯ: ರಿಟರ್ನ್ ಹಿಚುಕಿದಾಗ ಒತ್ತಡ ನಿಂತರೆ ರೆಗ್ಯುಲೇಟರ್ ಸೋರುತ್ತಿದೆ, ಪಂಪಿನಿಂದ ಬರುವ ಹೋಸು ಹಿಚುಕಿದಾಗ ನಿಂತರೆ ಪಂಪಿನ ಚೆಕ್ ವಾಲ್ವ್, ಎರಡರಲ್ಲೂ ನಿಲ್ಲದಿದ್ದರೆ ಇನ್‌ಜೆಕ್ಟರ್.

ಐಡ್ಲಿಂಗಿನಲ್ಲಿ ಸರಿಯಿದ್ದು, ಆರ್‌ಪಿಎಂ ಏರಿದಂತೆ ಬೂಸ್ಟಿನಲ್ಲಿ ಒತ್ತಡ ಕುಸಿಯುವ ಕಾರನ್ನು ಕಂಡರೆ ರೆಗ್ಯುಲೇಟರಿನ ಮೇಲೆ ಅನುಮಾನಪಡುವುದು ಕೊನೆಗಿರಲಿ. ಅಲ್ಲಿ ಪಂಪಿನ ಹರಿವು ಸಾಲುತ್ತಿಲ್ಲ. ಪಂಪಿನ ಕನೆಕ್ಟರಿನಲ್ಲಿ, ಎಂಜಿನ್ ಓಡುತ್ತಿರುವಾಗಲೇ, ವೋಲ್ಟೇಜ್ ಅಳೆಯಬೇಕು. ಬ್ಯಾಟರಿಯಲ್ಲಿ 13.8 ಇದ್ದು ಅಲ್ಲಿ 12 ಸಿಕ್ಕರೆ ಹಳೆಯ ಸಪೂರ ವೈರಿನಲ್ಲಿ ದೊಡ್ಡ ಪಂಪನ್ನು ಓಡಿಸುತ್ತಿದ್ದಾರೆ ಎಂದರ್ಥ. ಬ್ಯಾಟರಿಯಿಂದ ರಿಲೇ ಹಾಕಿ ಹೊಸ ವೈರು ಎಳೆದರೆ ರೋಗ ವಾಸಿ.

ಸ್ಕ್ಯಾನರಿನ ಕೋಡುಗಳಲ್ಲಿ ಪಿ0171 ಪೆಟ್ರೋಲ್ ಕಡಿಮೆ ಎಂದೂ ಪಿ0172 ಹೆಚ್ಚು ಎಂದೂ ಹೇಳುತ್ತವೆ, ಯಾಕೆ ಎಂದು ಹೇಳುವುದಿಲ್ಲ. ಗಾಳಿ ಸೋರಿಕೆ, ಕೊಳೆಯಾದ ಏರ್‌ಫ್ಲೋ ಸೆನ್ಸರ್, ತಪ್ಪು ಇನ್‌ಜೆಕ್ಟರ್ ಲೆಕ್ಕ, ಎಲ್ಲವೂ ಇದೇ ಕೋಡು ಬರಿಸುತ್ತವೆ. ಭಾರತದಲ್ಲಿ ಈಗ ಇನ್ನೊಂದು ಕಾರಣ ಸೇರಿದೆ. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಚಾಲನೆ ಕೊಡಲಾಯಿತು. ಎಥನಾಲಿಗೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಎಥನಾಲ್ ಇಲ್ಲದ ಪೆಟ್ರೋಲಿಗೆ ಟ್ಯೂನ್ ಮಾಡಿಸಿದ ಕಾರಿಗೆ ಇ20 ತುಂಬಿಸಿದರೆ ಶೇ. 5ಕ್ಕೂ ಮಿಕ್ಕಿ ಇಂಧನ ಕೊರತೆ ಕಾಣುತ್ತದೆ, ಅಪವಾದ ರೆಗ್ಯುಲೇಟರಿಗೆ ಬರುತ್ತದೆ. ಹಾಗೆಂದು ಅದು ಪೂರ್ತಿ ನಿರ್ದೋಷಿಯೆಂದೂ ಅಲ್ಲ: ಎಥನಾಲಿಗೆ ತಕ್ಕುದಲ್ಲದ ರಬ್ಬರಿನ ಹಳೆಯ ಪೊರೆಗಳು, ಓ-ರಿಂಗುಗಳು ಊದಿ, ಬಿರಿದು ಹಾಳಾಗುತ್ತವೆ. ಹೊಸದು ಕೊಳ್ಳುವಾಗ ಫ್ಲೋರೋಕಾರ್ಬನ್ ರಬ್ಬರಿನದೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬದಲಾವಣೆ

ಎಂಜಿನ್ ತಣ್ಣಗಿರಬೇಕು, ಜಾಗ ಗಾಳಿಯಾಡುವಂತಿರಬೇಕು, ಪೆಟ್ರೋಲ್ ಬೆಂಕಿಗೆ ಆಗುವ ಅಗ್ನಿಶಾಮಕ ಕೈಯಳತೆಯಲ್ಲಿರಬೇಕು. ಪಂಪಿನ ಫ್ಯೂಸು ಅಥವಾ ರಿಲೇ ಕಿತ್ತು, ಎಂಜಿನ್ ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲುವವರೆಗೆ ಬಿಟ್ಟು, ಇನ್ನೊಮ್ಮೆ ಸೆಲ್ಫ್ ಹೊಡೆದರೆ ರೈಲಿನ ಒತ್ತಡ ಇಳಿಯುತ್ತದೆ. ಟ್ಯಾಂಕಿನ ಮುಚ್ಚಳ ತೆರೆದು ಮುಚ್ಚಿ, ಬ್ಯಾಟರಿಯ ನೆಗೆಟಿವ್ ಕಳಚಿದ ಮೇಲೆಯೇ ಸ್ಪ್ಯಾನರ್ ಹಿಡಿಯಬೇಕು. ಇಷ್ಟಾದರೂ ಬಿಚ್ಚುವಾಗ ಸ್ವಲ್ಪ ಪೆಟ್ರೋಲ್ ಚೆಲ್ಲುತ್ತದೆ; ಕೆಳಗೆ ಬಟ್ಟೆ ಇಡಬೇಕು.

ಮೂಲ ಮಾದರಿಯದು ಕ್ಲಿಪ್ಪಿನಿಂದಲೋ ಎರಡು ಬೋಲ್ಟಿನಿಂದಲೋ ಕೂತಿರುತ್ತದೆ. ಹಳೆಯ ಓ-ರಿಂಗ್ ಕೆಲವೊಮ್ಮೆ ರೈಲಿನೊಳಗೇ ಅಂಟಿಕೊಂಡು ಉಳಿಯುತ್ತದೆ. ಅದನ್ನು ತೆಗೆಯದೆ ಹೊಸದನ್ನು ಒತ್ತಿದರೆ ಸೋರಿಕೆ ಖಂಡಿತ. ಹೊಸ ಓ-ರಿಂಗಿಗೆ ಶುದ್ಧ ಎಂಜಿನ್ ಆಯಿಲ್ ಸವರಿ, ಓರೆಯಾಗದಂತೆ ನೇರವಾಗಿ ಒತ್ತಿ ಕೂರಿಸಬೇಕು.

ಹೊಂದಿಸಬಲ್ಲ ಆಫ್ಟರ್‌ಮಾರ್ಕೆಟ್ ರೆಗ್ಯುಲೇಟರ್ ಹಾಕುವುದಾದರೆ ಕೆಲಸ ಹೆಚ್ಚು. ಎಕ್ಸಾಸ್ಟಿನ ಬಿಸಿಯಿಂದ ದೂರ ಅದನ್ನು ಗಟ್ಟಿಯಾಗಿ ಬಿಗಿಯಬೇಕು. ಮೂಲ ರೆಗ್ಯುಲೇಟರ್ ಇದ್ದ ಜಾಗಕ್ಕೆ ಅಡಾಪ್ಟರ್ ಬೇಕು. ಸಾಮಾನ್ಯ ರಬ್ಬರ್ ಹೋಸು ಇಲ್ಲಿ ನಡೆಯದು. ಇನ್‌ಜೆಕ್ಷನ್ ಒತ್ತಡ ತಾಳುವ ಜೆ30ಆರ್9 ದರ್ಜೆಯದೋ ಟೆಫ್ಲಾನ್ ಒಳಪದರದ್ದೋ ಬೇಕು. ಶಂಕುವಿನಾಕಾರದಲ್ಲಿ ಕೂರುವ ಫಿಟ್ಟಿಂಗುಗಳಿಗೆ ನಲ್ಲಿಗೆ ಸುತ್ತುವ ಬಿಳಿ ಟೇಪು ಸುತ್ತಬಾರದು. ಅದರ ಚೂರು ಕಿತ್ತು ಕವಾಟದ ಸೀಟಿಗೋ ಇನ್‌ಜೆಕ್ಟರಿಗೋ ಸೇರುತ್ತದೆ. ಮ್ಯಾನಿಫೋಲ್ಡ್ ಹೋಸು ಥ್ರಾಟಲಿನ ನಂತರದ ಕೋಣೆಯಿಂದ ಬರಬೇಕು, ಬೂಸ್ಟ್ ಕಂಟ್ರೋಲರಿನಂಥ ಬೇರೆ ಸಾಧನಗಳೊಂದಿಗೆ ಹಂಚಿಕೊಂಡಿರಬಾರದು, ಎರಡೂ ತುದಿಗೆ ಕ್ಲಿಪ್ ಇರಬೇಕು.

ಒತ್ತಡ ಹೊಂದಿಸುವುದು ಎಂಜಿನ್ ಐಡ್ಲಿಂಗಿನಲ್ಲಿರುವಾಗ, ಮ್ಯಾನಿಫೋಲ್ಡ್ ಹೋಸು ಕಳಚಿ ಅದರ ತುದಿ ಮುಚ್ಚಿದ ಮೇಲೆ. ಲಾಕ್‌ನಟ್ ಸಡಿಲಿಸಿ, ಸ್ಕ್ರೂವನ್ನು ಗಡಿಯಾರದ ದಿಕ್ಕಿನಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿದರೆ ಒತ್ತಡ ಏರುತ್ತದೆ. ಇಸಿಯು ಟ್ಯೂನ್ ಯಾವ ಒತ್ತಡಕ್ಕೆ ಮಾಡಿದೆಯೋ ಅದೇ ಅಂಕಿಗೆ ನಿಲ್ಲಿಸಿ, ಲಾಕ್‌ನಟ್ ಬಿಗಿದು, ಮತ್ತೆ ಓದಬೇಕು; ಬಿಗಿಯುವಾಗಲೇ ಅಂಕಿ ಸ್ವಲ್ಪ ಜಾರುವುದುಂಟು. ರೆಗ್ಯುಲೇಟರಿನ ಮೈಗೇ ಸಿಕ್ಕಿಸಿದ, ಗ್ಲಿಸರಿನ್ ತುಂಬಿದ ಪುಟ್ಟ ಗೇಜುಗಳು ನೋಡಲು ಚೆಂದ. ಬಾನೆಟ್ಟಿನ ಬಿಸಿಗೆ ಒಳಗಿನ ದ್ರವ ಹಿಗ್ಗಿ ಅವು ಕಡಿಮೆ ತೋರಿಸುತ್ತವೆ. ಅವನ್ನು ನಂಬಿ ಬಿಸಿ ಎಂಜಿನ್ನಿನಲ್ಲಿ ಒತ್ತಡ ಏರಿಸಿಕೊಂಡವರಿದ್ದಾರೆ. ಟ್ಯೂನಿಂಗಿಗೆ ರೈಲಿನ ವಿದ್ಯುತ್ ಸೆನ್ಸರನ್ನೋ ಬೇರೆ ಒಳ್ಳೆಯ ಗೇಜನ್ನೋ ಆಧರಿಸಬೇಕು.

ಸ್ಟಾರ್ಟ್ ಮಾಡುವ ಮೊದಲು ಇಗ್ನಿಷನ್ ನಾಲ್ಕೈದು ಸಲ ಆನ್-ಆಫ್ ಮಾಡಿ ಪ್ರತಿ ಜೋಡಣೆಯನ್ನೂ ಟಾರ್ಚಿನಲ್ಲಿ ನೋಡಬೇಕು. ಆಮೇಲೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಹಾಕಿ ಮೊದಲು ಕಡಿಮೆ ಬೂಸ್ಟಿನಲ್ಲಿ ಓಡಿಸಿ, ಗಾಳಿ-ಇಂಧನ ಅನುಪಾತ ಸರಿಯಿದೆಯೆಂದು ಖಾತ್ರಿಯಾದ ಮೇಲೆ ಮುಂದುವರಿಯಬೇಕು. ಒತ್ತಡ ಬದಲಾಗಿದ್ದರೆ ಹಳೆಯ ಟ್ಯೂನ್ ಮುಗಿಯಿತು. ಇನ್‌ಜೆಕ್ಟರ್ ಲೆಕ್ಕವನ್ನು ಇಸಿಯುನಲ್ಲಿ ತಿದ್ದದೆ ಬೇರೆ ದಾರಿಯಿಲ್ಲ.

ಮಿತಿಗಳು

ಭಾರತದಲ್ಲಿ ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ತಯಾರಕರು ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿದಿದೆ. ಕೆಟ್ಟ ರೆಗ್ಯುಲೇಟರಿಗೆ ಬದಲಾಗಿ ಅಂಥದ್ದೇ ಹಾಕುವುದು ರಿಪೇರಿ, ಅದಕ್ಕೆ ತಕರಾರಿಲ್ಲ. ಟರ್ಬೊ, ಎಂಜಿನ್ ಬದಲಾವಣೆಗಳ ಮಾತು ಬೇರೆ.

ಇಲ್ಲಿ ಹೇಳಿದ ವಿಧಾನಗಳು ಮ್ಯಾನಿಫೋಲ್ಡಿಗೆ ಇಂಧನ ಸಿಂಪಡಿಸುವ ಎಂಜಿನ್ನುಗಳಿಗೆ ಸೇರಿದವು. ಸಿಲಿಂಡರಿನೊಳಗೇ ನೇರ ಸಿಂಪಡಿಸುವ ಇತ್ತೀಚಿನ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಿ ರೈಲಿನ ಒತ್ತಡ 100 ಬಾರ್ ಮೀರುತ್ತದೆ, ಕೆಲವದರಲ್ಲಿ 350ರವರೆಗೆ ಹೋಗುತ್ತದೆ. ಅಲ್ಲಿ ಸ್ಪ್ರಿಂಗ್-ಪೊರೆಯ ರೆಗ್ಯುಲೇಟರ್ ಇಲ್ಲ. ಹೈ ಪ್ರೆಶರ್ ಪಂಪಿನ ಮೇಲಿನ ವಿದ್ಯುತ್ ಕವಾಟವನ್ನು ಇಸಿಯು ತಾನೇ ಆಡಿಸುತ್ತದೆ. ಅಂಥ ರೈಲಿಗೆ ಸಾಮಾನ್ಯ ಗೇಜು ಜೋಡಿಸಕೂಡದು. ಆ ಒತ್ತಡದಲ್ಲಿ ಚಿಮ್ಮುವ ಪೆಟ್ರೋಲ್ ಚರ್ಮವನ್ನೇ ತೂರಿಕೊಂಡು ಹೋಗುತ್ತದೆ. ಅಲ್ಲಿನ ಒತ್ತಡವನ್ನು ಸ್ಕ್ಯಾನರಿನಲ್ಲೇ ಓದಬೇಕು.